ಗುರುಗಳನ್ನು ಸಿದ್ಧಗೊಳಿಸಿದ ಗುರು: ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು

ಗುರುವಿಲ್ಲದೆ ಅರಿವಿಲ್ಲವೆಂಬುದು ನಮ್ಮ ಧರ್ಮದ ಮೊದಲ ಪಾಠ. ಅಷ್ಟಾವರಣಗಳಲ್ಲಿ ಗುರುವಿಗೇ ಅಗ್ರಸ್ಥಾನ. ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದುಕೊಡುವವನು ಅವನು. ಜಂಗಮದ ನಿಲುವನ್ನು ತೋರಿಸುವವನು ಅವನು. ಪಾದೋದಕ ಪ್ರಸಾದಗಳ ಮರ್ಮವನ್ನು ಬಿಡಿಸಿ ಹೇಳುವವನೂ ಅವನೇ. ಶಿಷ್ಯನು ಗುರುವನ್ನು ಅರಸಿಕೊಂಡು ಹೋಗಬೇಕೆಂಬುದನ್ನು ಪುರಾಣಗಳಲ್ಲಿಯೂ ಪ್ರವಚನಗಳಲ್ಲಿಯೂ ನಾವು ಬಹಳವಾಗಿ ಕೇಳಿದ್ದೇವೆ. ಆದರೆ ಅರಸಿ ಹೋದ ಶಿಷ್ಯನಿಗೆ ಸಿಕ್ಕವನು ಸ್ವತಃ ಏನೂ ಕಲಿಯದವನಾಗಿದ್ದರೆ ಗತಿಯೇನು? ಶಿಷ್ಯನನ್ನು ತಿದ್ದಬೇಕಾದ ಗುರುವನ್ನು ತಿದ್ದುವವರು ಯಾರು? ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು, ಅದಕ್ಕೆ ಉತ್ತರವಾಗಿ ಒಂದು ಸಂಸ್ಥೆಯನ್ನೇ ಕಟ್ಟಿ ನಿಲ್ಲಿಸಿದ ಮಹಾನುಭಾವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಶಿವಯೋಗಿಗಳು. ಅವರ ಚರಿತ್ರೆಯನ್ನು ಮಹಿಮೆಗಳ ಮಾಲೆಯಾಗಿ ಹಾಡುವವರು ಅನೇಕರಿದ್ದಾರೆ. ಇಲ್ಲಿ ಅವರನ್ನು ಒಬ್ಬ ಶಿಕ್ಷಕರನ್ನಾಗಿ, ಶಿಕ್ಷಕರನ್ನು ತಯಾರಿಸಿದ ಶಿಕ್ಷಕರನ್ನಾಗಿ ಸ್ಮರಿಸುವುದು ನಮ್ಮ ಉದ್ದೇಶ.

ಹೊಳೆಯ ದಂಡೆಯ ಸೀಮೆ

ಪಶ್ಚಿಮದ ಕಾಡಿನಲ್ಲಿ ಹುಟ್ಟಿದ ಮಲಪ್ರಭೆಯು ಎರೆಯ ನೆಲಕ್ಕಿಳಿದು ನರಗುಂದ ಸೀಮೆಯ ಕೊಣ್ಣೂರನ್ನು ಮುಟ್ಟಿ, ರೋಣ ಸೀಮೆಯ ಹೊಳೆಆಲೂರನ್ನು ದಾಟಿ, ಬಾದಾಮಿಯ ಕೆಂಪು ಬೆಟ್ಟಗಳ ಮಗ್ಗುಲಿಗೆ ಹೊರಳುತ್ತದೆ. ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ಕಂಡು, ಕೊನೆಗೆ ಬಸವಣ್ಣನವರು ಲಿಂಗೈಕ್ಯರಾದ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ರೋಣ ಸೀಮೆಯನ್ನು ಬಿಟ್ಟು ಪಟ್ಟದಕಲ್ಲನ್ನು ಮುಟ್ಟುವ ಮೊದಲು ಈ ಹೊಳೆಯ ದಂಡೆಯ ಮೇಲೆ ಇರುವುದೇ ಶಿವಯೋಗಮಂದಿರ. ರೋಣ, ನರಗುಂದ, ಗಜೇಂದ್ರಗಡಗಳ ಭಕ್ತರಿಗೆ ಅದು ದೂರದ ಕ್ಷೇತ್ರವೇನೂ ಅಲ್ಲ. ತಮ್ಮ ಹೊಲದ ಅಂಚಿನಲ್ಲಿ ಹರಿದುಹೋದ ನೀರೇ ಅದರ ಮೆಟ್ಟಿಲನ್ನೂ ತೊಳೆಯುತ್ತದೆ.

ಈ ಸೀಮೆಗೆ ಮಠವೇ ಶಾಲೆಯಾಗಿದ್ದ ಹಳೆಯ ನೆನಪಿದೆ. ರೋಣದ ಸಮೀಪದ ಸೂಡಿಯ ಶಾಸನಗಳು ೧೧ನೆಯ ಶತಮಾನದಲ್ಲಿ ಅಲ್ಲಿನ ದೇಗುಲಕ್ಕೂ ಶೈವಾಚಾರ್ಯರ ಮಠಕ್ಕೂ ಸಂದ ದತ್ತಿಗಳನ್ನು ಹೇಳುತ್ತವೆ. ಶರಣರ ಕಾಲದ ತರುವಾಯವೂ ಊರೂರಿನ ಮಠಗಳಲ್ಲಿ ಅಕ್ಷರದ ಅಭ್ಯಾಸವು ನಡೆದೇ ಇತ್ತು. ಜಂಗಮರಾದ ಅಯ್ಯಗಳು ಮಠದ ಪಡಸಾಲೆಯಲ್ಲಿ ಕುಳಿತು ಮಕ್ಕಳಿಂದ ಮರಳಿನ ಮೇಲೆ ಬೆರಳಾಡಿಸಿ ಓಂ ನಮಃ ಶಿವಾಯ ಎಂದು ಬರೆಸುತ್ತಿದ್ದರು. ಮಗ್ಗಿ, ಲೆಕ್ಕ, ಅಮರಕೋಶ, ಶತಕಗಳು ಎಲ್ಲವೂ ಬಾಯಿಪಾಠ. ಇದ್ದಿಲು ಮತ್ತು ಹುಣಿಸೆಬೀಜದ ಅಂಬಲಿಯನ್ನು ಬಳಿದ ಬಟ್ಟೆಯ ಕಡತವೇ ಪುಸ್ತಕ, ಬಳಪವೇ ಲೇಖನಿ. ಸುಗ್ಗಿಯಲ್ಲಿ ಮಕ್ಕಳ ಮನೆಯಿಂದ ಬರುವ ಕಾಳೇ ಸಂಬಳ. ದೊಡ್ಡ ಹುಡುಗನು ಚಿಕ್ಕವನಿಗೆ ಕಲಿಸುತ್ತ ಕಲಿಸುತ್ತ ಒಂದು ದಿನ ತಾನೇ ಅಯ್ಯನಾಗುತ್ತಿದ್ದನು. ಶಿಕ್ಷಕನಾಗುವುದಕ್ಕೆ ಅಂದು ಇದ್ದ ತರಬೇತಿಯೆಂದರೆ ಇದೊಂದೇ: ಗುರುವಿನ ಬಳಿಯಲ್ಲಿ ಕುಳಿತು ಗುರುವಿನ ಕೆಲಸವನ್ನು ನೋಡುವುದು.

೧೯ನೆಯ ಶತಮಾನದಲ್ಲಿ ಈ ವ್ಯವಸ್ಥೆಯು ಕುಗ್ಗತೊಡಗಿತು. ೧೮೫೮ರಲ್ಲಿ ನರಗುಂದದ ಬಾಬಾಸಾಹೇಬರ ಬಂಡಾಯವು ಮುರಿದುಬಿದ್ದ ಮೇಲೆ ಈ ಭಾಗದಲ್ಲಿ ಆಂಗ್ಲರ ಆಡಳಿತವು ಭದ್ರವಾಯಿತು. ಸರಕಾರಿ ಶಾಲೆಗಳು ಬಂದವು. ಶಿಕ್ಷಕರನ್ನು ತಯಾರಿಸುವ ನಾರ್ಮಲ್ ಸ್ಕೂಲು ಧಾರವಾಡದಲ್ಲಿ ನಡೆಯಿತು. ಡೆಪ್ಯುಟಿ ಚೆನ್ನಬಸಪ್ಪನವರಂಥ ಕನ್ನಡದ ಅಭಿಮಾನಿಗಳು ಅದರ ಮುಖಾಂತರ ಹಳ್ಳಿಹಳ್ಳಿಗೂ ಕನ್ನಡ ಶಾಲೆಯನ್ನು ಮುಟ್ಟಿಸಲು ಶ್ರಮಿಸಿದರು. ಅದು ನಾಡಿಗೆ ಆದ ದೊಡ್ಡ ಉಪಕಾರವೇ ಸರಿ. ಆದರೆ ಸರಕಾರದ ಶಿಕ್ಷಕನು ಲೆಕ್ಕವನ್ನೂ ಭೂಗೋಲವನ್ನೂ ಕಲಿಸಬಲ್ಲನು. ಲಿಂಗದ ಅರ್ಥವನ್ನು ಅವನು ಹೇಳಬೇಕಾದ ಕಾರಣವಿರಲಿಲ್ಲ. ಅದನ್ನು ಹೇಳಬೇಕಾಗಿದ್ದ ಮಠಗಳಲ್ಲಿ ಗದ್ದುಗೆಯಿತ್ತು, ಬಿರುದುಗಳಿದ್ದವು, ಉಂಬಳಿಯ ಭೂಮಿಯಿತ್ತು. ಬಹುಕಡೆಗಳಲ್ಲಿ ವಿದ್ಯೆ ಮಾತ್ರ ಇರಲಿಲ್ಲ. ಇಂಥ ಸಂಧಿಕಾಲದಲ್ಲಿ ನಮ್ಮ ಚರಿತ್ರನಾಯಕರ ಜನನವಾಯಿತು.

ಸಾಲಿಮಠದ ಮಗು

ಇಂದಿನ ಹಾವೇರಿ ಜಿಲ್ಲೆಗೆ ಸೇರಿದ, ಅಂದು ಧಾರವಾಡ ಜಿಲ್ಲೆಯಲ್ಲಿದ್ದ ರಾಣೆಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ೧೮೬೭ನೆಯ ಇಸವಿ ಸೆಪ್ಟೆಂಬರ್ ೧೧ರಂದು ಬಸಯ್ಯ, ನೀಲಮ್ಮ ಎಂಬ ಜಂಗಮ ದಂಪತಿಗಳ ಉದರದಲ್ಲಿ ಹಾಲಯ್ಯನೆಂಬ ಶಿಶು ಹುಟ್ಟಿತು. ಮನೆತನದ ಹೆಸರು ಸಾಲಿಮಠ. ಸಾಲಿಯೆಂದರೆ ನಮ್ಮ ಕಡೆಯ ಆಡುಮಾತಿನಲ್ಲಿ ಶಾಲೆ. ಊರ ಮಕ್ಕಳಿಗೆ ಅಕ್ಷರ ಕಲಿಸುವುದನ್ನೇ ಕಾಯಕವನ್ನಾಗಿ ಮಾಡಿಕೊಂಡಿದ್ದ ಹಿರಿಯರಿಂದ ಆ ಮನೆಗೆ ಆ ಹೆಸರು ಬಂದಿತ್ತು. ಹಾಲಯ್ಯನು ಬೇರೆ ಆಸ್ತಿಯನ್ನೇನೂ ಪಡೆದುಕೊಂಡು ಹುಟ್ಟಲಿಲ್ಲ. ಈ ಹೆಸರೊಂದು ಅವನಿಗೆ ಪಿತ್ರಾರ್ಜಿತವಾಗಿ ಬಂದಿತು. ಮುಂದೆ ಅವನು ನಾಡಿಗೇ ಒಂದು ಸಾಲಿಯನ್ನು ಕಟ್ಟುವನೆಂದು ಆಗ ಯಾರು ತಾನೇ ಬಲ್ಲರು?

ಬಡತನವು ಮನೆಯಲ್ಲಿ ಕಾಲು ಚಾಚಿ ಕುಳಿತಿತ್ತು. ಹುಟ್ಟಿದೂರಿನಲ್ಲಿ ಮುಂದಿನ ಓದಿಗೆ ಅನುಕೂಲವಿಲ್ಲದ್ದರಿಂದ ಬಾಲಕನು ಕಜ್ಜರಿಯೆಂಬ ಗ್ರಾಮದಲ್ಲಿ ನಿಂತು ಓದಬೇಕಾಯಿತು. ಜಂಗಮ ವಟುವಿನ ರೂಢಿಯಂತೆ ಜೋಳಿಗೆ ಹಿಡಿದು ಮನೆಮನೆಯ ಬಾಗಿಲಲ್ಲಿ ಭಿಕ್ಷೆ ಬೇಡಿ, ಬಂದುದನ್ನು ಉಂಡು, ಉಳಿದ ವೇಳೆಯನ್ನೆಲ್ಲ ಓದಿನಲ್ಲಿ ಕಳೆದನು. ರೊಟ್ಟಿಯ ಋಣವೂ ವಿದ್ಯೆಯ ಋಣವೂ ಒಂದೇ ಜೋಳಿಗೆಯಲ್ಲಿ ಬಿದ್ದವೆಂದರೆ ತಪ್ಪಾಗಲಾರದು. ಈ ಅನುಭವವನ್ನು ಅವರು ಕಡೆಯತನಕ ಮರೆಯಲಿಲ್ಲವೆಂಬುದಕ್ಕೆ ಅವರ ಮುಂದಿನ ಬಾಳೇ ಸಾಕ್ಷಿ.

ಅಂದಿನ ಕನ್ನಡ ವಿದ್ಯಾರ್ಥಿಗೆ ಮುಲ್ಕಿ ಪರೀಕ್ಷೆಯೇ ದೊಡ್ಡ ಹೆಬ್ಬಾಗಿಲು. ಅದನ್ನು ದಾಟಿದವನಿಗೆ ಶಿಕ್ಷಕನ ಕೆಲಸವೋ ಕಚೇರಿಯ ಕಾರಕೂನಿಕೆಯೋ ಕೈಗೆ ಹತ್ತುತ್ತಿತ್ತು. ಹಾಲಯ್ಯನೂ ಆ ಪರೀಕ್ಷೆಗೆಂದು ಧಾರವಾಡಕ್ಕೆ ಹೋದನು. ಆದರೆ ಆ ಹೆಬ್ಬಾಗಿಲು ಅವನಿಗೆ ನೌಕರಿಯ ದಾರಿಯಾಗಲಿಲ್ಲ. ಬಡವನ ಮನೆಯ ತರುಣನಿಗೆ ಇದು ಸಣ್ಣ ಪೆಟ್ಟೇನಲ್ಲ. ಆದರೂ ಅವನು ಕಲಿಸುವ ಆಸೆಯನ್ನು ಬಿಡಲಿಲ್ಲ. ಲಿಂಗದಹಳ್ಳಿಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಶಾಲೆಯನ್ನು ನಡೆಸತೊಡಗಿದನು. ಸರಕಾರದ ಸನದು ಇಲ್ಲದ ಈ ತರುಣ ಶಿಕ್ಷಕನನ್ನು ಊರವರು ಅವನ ನಡತೆಯನ್ನು ನೋಡಿಯೇ ಒಪ್ಪಿಕೊಂಡರು.

ಕಲಿಸುವವನು ಕಲಿಯಹೊರಟನು

ಹಗಲಿನಲ್ಲಿ ಮಕ್ಕಳಿಗೆ ಪಾಠ. ಉಳಿದ ಹೊತ್ತಿನಲ್ಲಿ ನಿಜಗುಣ ಶಿವಯೋಗಿಗಳ ಶಾಸ್ತ್ರಗ್ರಂಥಗಳ ವ್ಯಾಸಂಗ. ಹೀಗೆ ಓದುತ್ತ ಹೋದಂತೆ ಆ ಯುವಕನ ಮನಸ್ಸಿನಲ್ಲಿ ಕಳವಳ ಹುಟ್ಟಿತು. ಕಲಿಸುವವನಿಗೆ ತಾನು ಕಲಿಸುತ್ತಿರುವುದರ ತಳವು ಕಾಣದಿದ್ದರೆ ಅವನ ಮಾತು ಎಷ್ಟು ದೂರ ಹೋದೀತು? ಅಕ್ಷರವನ್ನು ದಾನ ಮಾಡಬಹುದು. ಅರಿವನ್ನು ತಾನು ಪಡೆಯದೆ ದಾನ ಮಾಡುವುದು ಹೇಗೆ? ಈ ಕಳವಳವೇ ಅವರನ್ನು ಶಿಕ್ಷಕನ ಪೀಠದಿಂದ ಎಬ್ಬಿಸಿ ಮತ್ತೆ ಶಿಷ್ಯನ ನೆಲದ ಮೇಲೆ ಕುಳ್ಳಿರಿಸಿತು.

ಮಗನು ಸಂಸಾರಕ್ಕೆ ಆಸರೆಯಾಗುವನೆಂದು ತಾಯಿ ನೀಲಮ್ಮನವರು ಆಸೆಯಿಟ್ಟುಕೊಂಡಿದ್ದರು. ಶಿಕ್ಷಕವೃತ್ತಿಯಲ್ಲಿ ಕೂಡಿಸಿದ್ದ ಹಣವನ್ನು ಹಾಲಯ್ಯನವರು ತಾಯಿಯ ಉಡಿಗೆ ಹಾಕಿ, ಆಕೆಯ ಅಪ್ಪಣೆಯನ್ನು ಬೇಡಿಕೊಂಡು ಹೊರಟರೆಂದು ಅವರ ಚರಿತ್ರೆಯನ್ನು ಹೇಳುವವರು ಹೇಳುತ್ತಾರೆ. ಮನೆಯನ್ನು ತೊರೆಯುವವನು ಮನೆಯ ಋಣವನ್ನು ತೀರಿಸದೆ ಹೋಗಬಾರದೆಂಬ ನೀತಿಯು ಈ ನಡತೆಯಲ್ಲಿದೆ. ಗೃಹಸ್ಥರಾದ ನಾವು ಇದನ್ನು ವಿಶೇಷವಾಗಿ ಗಮನಿಸಬೇಕು. ವೈರಾಗ್ಯವೆಂದರೆ ಹೊಣೆಗಳಿಂದ ಪಲಾಯನವೆಂದು ಅವರು ತಿಳಿದವರಲ್ಲ.

ಹುಬ್ಬಳ್ಳಿಯ ಸಿದ್ಧಾರೂಢರ ಸನ್ನಿಧಿಯಲ್ಲಿ ಕೆಲಕಾಲ ಶಾಸ್ತ್ರಶ್ರವಣವು ನಡೆಯಿತು. ಇಷ್ಟಲಿಂಗನಿಷ್ಠೆಯ ದಾರಿಯನ್ನು ಅರಸುತ್ತ ಮುಂದೆ ಸಾಗಿದ ಅವರಿಗೆ ಎಳಂದೂರಿನ ಬಸವಲಿಂಗ ಸ್ವಾಮಿಗಳು ದೊರೆತರು. ನಿಜಗುಣ ಶಿವಯೋಗಿಗಳ ತಪೋಭೂಮಿಯಾದ ಶಂಭುಲಿಂಗನ ಬೆಟ್ಟದಲ್ಲಿ ಗುರುವಿನೊಡನೆ ಇದ್ದು, ಗುರುಸೇವೆಯಲ್ಲಿಯೂ ಶಿವಯೋಗದ ಅಭ್ಯಾಸದಲ್ಲಿಯೂ ತಮ್ಮನ್ನು ತೇಯ್ದುಕೊಂಡರು. ಗುರುವಿನ ಜೊತೆಯಲ್ಲಿ ಏಳುವುದು, ಗುರುವಿನ ಪೂಜೆಗೆ ಅಣಿಮಾಡುವುದು, ಗುರುವು ಆಡಿದ್ದನ್ನೂ ಆಡದೆ ಬಿಟ್ಟದ್ದನ್ನೂ ಗ್ರಹಿಸುವುದು ಅವರ ತರಬೇತಿಯಾಗಿತ್ತು. ಹಳೆಯ ಸಾಲಿಮಠದಲ್ಲಿ ದೊಡ್ಡ ಹುಡುಗನು ಅಯ್ಯನಾಗುತ್ತಿದ್ದ ಕ್ರಮವೇ ಇಲ್ಲಿ ಅತ್ಯುನ್ನತವಾದ ಮಟ್ಟದಲ್ಲಿ ನಡೆಯಿತೆನ್ನಬೇಕು.

ಹೀಗೆ ಪಕ್ವರಾದವರನ್ನು ಹಾನಗಲ್ಲ ವಿರಕ್ತಮಠದ ಶ್ರೀ ಫಕೀರ ಸ್ವಾಮಿಗಳು ತಮ್ಮ ಪೀಠಕ್ಕೆ ಬರಮಾಡಿಕೊಂಡರು. ಹಾಲಯ್ಯನವರು ಸದಾಶಿವ ಸ್ವಾಮಿಗಳಾದರು. ಭಕ್ತರ ಬಾಯಲ್ಲಿ ಹಾನಗಲ್ಲ ಕುಮಾರಸ್ವಾಮಿಗಳೆಂದೇ ಪ್ರಸಿದ್ಧರಾದರು.

ಸಭೆಯಿಂದ ಮಂದಿರಕ್ಕೆ

ಪೀಠವು ದೊರೆತ ಮೇಲೆ ಗದ್ದುಗೆಯ ಮೇಲೆ ಕುಳಿತು ಪಾದಪೂಜೆಯನ್ನು ಸ್ವೀಕರಿಸುತ್ತ ಕಾಲ ಕಳೆಯಬಹುದಾಗಿತ್ತು. ಪೂಜ್ಯರ ಕಣ್ಣು ಸಮಾಜದ ಕಡೆಗೆ ಹೊರಳಿತು. ವಿದ್ಯೆಯ ವಿಷಯದಲ್ಲಿ ಲಿಂಗವಂತ ಸಮಾಜವು ಆಗತಾನೇ ಎಚ್ಚೆತ್ತಿತ್ತು. ೧೮೮೩ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆಯು ಹುಟ್ಟಿ, ಬಡ ವಿದ್ಯಾರ್ಥಿಗಳಿಗೆ ನೆರವಾಗುತ್ತಿತ್ತು. ೧೯೦೪ರಲ್ಲಿ ಕುಮಾರಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿಯೇ ವೀರಶೈವ ಮಹಾಸಭೆಯು ಸ್ಥಾಪನೆಗೊಂಡಿತು. ಅದರ ಮೊದಲನೆಯ ಅಧಿವೇಶನಕ್ಕೆ ಅಧ್ಯಕ್ಷರಾದವರು ತ್ಯಾಗವೀರ ಸಿರಸಂಗಿ ಲಿಂಗರಾಜರು. ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮೀಸಲಿಟ್ಟ ಆ ದೇಸಾಯರೂ, ಜೋಳಿಗೆಯ ಹೊರತು ಬೇರೇನೂ ಇಲ್ಲದ ಈ ವಿರಕ್ತರೂ ಒಂದೇ ಕಾರ್ಯಕ್ಕೆ ಕೈ ಜೋಡಿಸಿದುದು ನಮ್ಮ ಇತಿಹಾಸದ ಶುಭಗಳಿಗೆ.

ಆದರೆ ಸಭೆಗಳಲ್ಲಿ ನಿರ್ಣಯವಾದ ಮಾತುಗಳು ಹಳ್ಳಿಗಳಿಗೆ ಮುಟ್ಟುವುದು ಹೇಗೆ? ಮುಟ್ಟಿಸುವವರು ಯಾರು? ಹಳ್ಳಿಯ ಗೃಹಸ್ಥನು ಮದುವೆಗೆ, ಮರಣಕ್ಕೆ, ದೀಕ್ಷೆಗೆ, ಹಬ್ಬಕ್ಕೆ ಮಠದ ಅಯ್ಯನನ್ನೇ ಕರೆಯುತ್ತಾನೆ. ಸಂಶಯ ಬಂದರೆ ಅವನನ್ನೇ ಕೇಳುತ್ತಾನೆ. ಅವನೇ ನಿರಕ್ಷರನಾಗಿದ್ದರೆ ಮಹಾಸಭೆಯ ನೂರು ನಿರ್ಣಯಗಳಿಂದ ಏನು ಪ್ರಯೋಜನ? ಮೊದಲು ಗುರುಗಳನ್ನು ಸಿದ್ಧಗೊಳಿಸಬೇಕು. ಆಮೇಲೆ ಸಮಾಜವು ತಾನಾಗಿ ತಿದ್ದಿಕೊಳ್ಳುತ್ತದೆ. ಬಾಗಲಕೋಟೆಯಲ್ಲಿ ಮಹಾಸಭೆಯ ಅಧಿವೇಶನವು ನೆರೆದ ತರುವಾಯ ಈ ವಿಚಾರವು ಕಾರ್ಯರೂಪವನ್ನು ತಾಳಿತು. ಇಳಕಲ್ಲಿನ ಶ್ರೀ ವಿಜಯಮಹಾಂತ ಶಿವಯೋಗಿಗಳಂಥ ಹಿರಿಯರ ಬೆಂಬಲವು ದೊರೆಯಿತು. ೧೯೦೯ರಲ್ಲಿ ಬಾದಾಮಿ ತಾಲೂಕಿನ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರದ ಸ್ಥಾಪನೆಯಾಯಿತು.

ಅದೇ ಕಾಲದಲ್ಲಿ ನಮ್ಮ ಸಮಾಜದ ವಿದ್ಯಾವಂತ ತರುಣರು ಇಂಗ್ಲಿಷ್ ವಿದ್ಯೆಯ ಸಂಸ್ಥೆಗಳನ್ನು ಕಟ್ಟುವ ಹಾದಿಯಲ್ಲಿದ್ದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯು ಹುಟ್ಟಿತು. ಒಂದು ಸಂಸ್ಥೆಯು ವಕೀಲರನ್ನೂ ಅಧಿಕಾರಿಗಳನ್ನೂ ಕೊಟ್ಟಿತು. ಇನ್ನೊಂದು ಗುರುಗಳನ್ನು ಕೊಟ್ಟಿತು. ಸಮಾಜಕ್ಕೆ ಎರಡು ಕಣ್ಣುಗಳೂ ಬೇಕಾಗಿದ್ದವು.

ಮಂದಿರದ ಶಿಕ್ಷಣಕ್ರಮ

ಶಿವಯೋಗಮಂದಿರಕ್ಕೆ ಬಂದ ಬಾಲಕರನ್ನು ವಟುಗಳೆಂದೂ, ಪ್ರಾಯಕ್ಕೆ ಬಂದು ಸಾಧನೆಯಲ್ಲಿ ತೊಡಗಿದವರನ್ನು ಸಾಧಕರೆಂದೂ ಕರೆದರು. ಅವರ ದಿನವು ಸೂರ್ಯೋದಯದ ಮೊದಲೇ ಸ್ನಾನ, ಇಷ್ಟಲಿಂಗಪೂಜೆಗಳಿಂದ ಆರಂಭವಾಗುತ್ತಿತ್ತು. ಪಾಠಗಳಲ್ಲಿ ಸಂಸ್ಕೃತವಿತ್ತು, ಕನ್ನಡವಿತ್ತು. ಷಟ್‌ಸ್ಥಲ ಶಾಸ್ತ್ರವಿತ್ತು, ಶರಣರ ವಚನಗಳಿದ್ದವು. ಯೋಗಾಸನ, ಆಯುರ್ವೇದ, ಸಂಗೀತಗಳಿಗೂ ಸ್ಥಾನವಿತ್ತು. ಇವುಗಳನ್ನು ಒಂದು ಕಡೆಗೆ ತಂದುದರಲ್ಲಿ ಪೂಜ್ಯರ ದೂರದೃಷ್ಟಿಯಿದೆ. ಪಂಡಿತರ ಸಭೆಯಲ್ಲಿ ನಿಂತು ತನ್ನ ಧರ್ಮವನ್ನು ಪ್ರತಿಪಾದಿಸಬೇಕಾದವನಿಗೆ ಸಂಸ್ಕೃತವು ಬೇಕು. ಹೊಲದಿಂದ ಬಂದ ಒಕ್ಕಲಿಗನಿಗೆ ತಿಳಿಯುವಂತೆ ಹೇಳಬೇಕಾದರೆ ಶರಣರ ಕನ್ನಡವೇ ಬೇಕು. ಓದು ಬಾರದ ತಾಯಂದಿರ ಮನಸ್ಸನ್ನು ಮುಟ್ಟಬೇಕಾದರೆ ಹಾಡು ಬೇಕು. ವೈದ್ಯರಿಲ್ಲದ ಹಳ್ಳಿಯಲ್ಲಿ ಜ್ವರ ಬಂದ ಕೂಸನ್ನು ಹೊತ್ತುಕೊಂಡು ಜನರು ಓಡಿಬರುವುದು ಮಠಕ್ಕೇ ಆದುದರಿಂದ ಗುರುವಿಗೆ ಗಿಡಮೂಲಿಕೆಗಳ ಜ್ಞಾನವೂ ಬೇಕು. ಇವೆಲ್ಲವನ್ನೂ ತಾಳಿಕೊಳ್ಳುವ ದೇಹಕ್ಕೆ ಯೋಗವು ಬೇಕು.

ಇನ್ನೊಂದು ಪಾಠವು ಪುಸ್ತಕದ ಹೊರಗಿತ್ತು. ಮಂದಿರದಲ್ಲಿ ಗೋಶಾಲೆಯಿತ್ತು, ಹಸುವಿನ ಸಗಣಿಯಿಂದ ಶಾಸ್ತ್ರೋಕ್ತವಾಗಿ ವಿಭೂತಿಯನ್ನು ಸಿದ್ಧಪಡಿಸುವ ಕಾರ್ಯವಿತ್ತು. ಸಗಣಿಯನ್ನು ಉಂಡೆಮಾಡಿ ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ, ತಿಳಿಯಾದುದನ್ನು ಮತ್ತೆ ಗಟ್ಟಿಮಾಡಿ ಗಟ್ಟಿಗಳನ್ನಾಗಿ ತಿದ್ದುವ ಈ ಕೆಲಸಕ್ಕೆ ತಾಳ್ಮೆಯು ಬೇಕು. ಶಿವಯೋಗಮಂದಿರದ ವಿಭೂತಿಯು ಇಂದಿಗೂ ಮನೆಮನೆಯ ಪೂಜಾಮಾಡದಲ್ಲಿದೆ. ಹಣೆಗೆ ಹಚ್ಚಿಕೊಳ್ಳುವ ಮೂರು ಬೆರಳಿನ ಭಸ್ಮದ ಹಿಂದೆ ಎಷ್ಟು ಕೈಗಳ ಕಾಯಕವಿದೆಯೆಂಬುದನ್ನು ಕಣ್ಣಾರೆ ಕಂಡ ಬಾಲಕನು ಮುಂದೆ ಗುರುವಾದಾಗ ಕಾಯಕವನ್ನು ಕುರಿತು ಬರಿಯ ಮಾತನ್ನಾಡಲಾರನು.

ಓಲೆಗರಿಯ ಗ್ರಂಥಗಳನ್ನು ಮಂದಿರದಲ್ಲಿ ಸಂಗ್ರಹಿಸಿ ಕಾಪಾಡಿದುದೂ ಈ ಶಿಕ್ಷಣದ ಒಂದು ಅಂಗವೇ ಆಗಿತ್ತು. ಮಠಗಳ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದ ಕಟ್ಟುಗಳಲ್ಲಿ ನಮ್ಮ ವಚನಗಳಿದ್ದವು, ಪುರಾಣಗಳಿದ್ದವು. ಪೂಜಿಸುವುದಕ್ಕೆ ಮಾತ್ರವೇ ಇಳಿಸುತ್ತಿದ್ದ ಕಟ್ಟನ್ನು ಬಿಚ್ಚಿ ಓದುವ ಗುರುಗಳು ಬೇಕಾಗಿದ್ದರು. ಅದೇ ದಶಕಗಳಲ್ಲಿ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ವಚನಗಳನ್ನು ಸಂಶೋಧಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ವಚನವನ್ನು ಅಚ್ಚಿಗೆ ತಂದವರು ಅವರಾದರೆ, ಆ ವಚನವನ್ನು ಓದಿ ತಿಳಿಸಬಲ್ಲ ಗುರುವನ್ನು ತಯಾರಿಸಹೊರಟವರು ಇವರು.

ಇಷ್ಟು ದೊಡ್ಡ ಸಂಸಾರಕ್ಕೆ ಖರ್ಚು ಬರುವುದೆಲ್ಲಿಂದ? ಕಜ್ಜರಿಯಲ್ಲಿ ಬಾಲಕ ಹಾಲಯ್ಯನು ಹಿಡಿದಿದ್ದ ಜೋಳಿಗೆಯನ್ನೇ ಪೀಠಾಧಿಪತಿಗಳಾದ ಕುಮಾರಸ್ವಾಮಿಗಳು ಮತ್ತೆ ಹೆಗಲಿಗೇರಿಸಿದರು. ಊರೂರು ತಿರುಗಿದರು. ಅಂದು ತನ್ನೊಬ್ಬನ ಹೊಟ್ಟೆಗಾಗಿ ಚಾಚಿದ ಕೈ ಇಂದು ನೂರಾರು ವಟುಗಳ ವಿದ್ಯೆಗಾಗಿ ಚಾಚಿತು. ಗೃಹಸ್ಥನು ಕೊಟ್ಟ ಒಂದು ಸೇರು ಜೋಳವು ಮಂದಿರದ ಒಲೆಯ ಮೇಲೆ ಅಂಬಲಿಯಾಗಿ, ವಟುವಿನ ಬಾಯಲ್ಲಿ ವಚನವಾಗಿ, ಮರಳಿ ಅದೇ ಗೃಹಸ್ಥನ ಮನೆಯ ಬಾಗಿಲಿಗೆ ಬರಬೇಕೆಂಬುದೇ ಈ ದಾಸೋಹದ ಗುಟ್ಟು.

ಕಣ್ಣಿಲ್ಲದವರಲ್ಲಿ ಕಂಡ ಗುರು

ಶಿಕ್ಷಕರ ನಿಜವಾದ ಪರೀಕ್ಷೆಯಾಗುವುದು ಲೋಕವು ಕೈಬಿಟ್ಟ ಮಗುವಿನ ಎದುರಿನಲ್ಲಿ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಬಸಯ್ಯ, ಗದಿಗೆಯ್ಯ ಎಂಬ ಅಂಧ ಸಹೋದರರಿದ್ದರು. ೧೮೯೨ರಲ್ಲಿ ಹುಟ್ಟಿದ ಗದಿಗೆಯ್ಯನು ಚಿಕ್ಕವನು. ಕಣ್ಣಿಲ್ಲದ ಮಕ್ಕಳಿಗೆ ಅಂದಿನ ಲೋಕವು ಕಾದಿರಿಸಿದ್ದುದು ಭಿಕ್ಷೆಯೊಂದನ್ನೇ. ಅವರ ಕಂಠವನ್ನು ಕೇಳಿದ ಕುಮಾರಸ್ವಾಮಿಗಳು ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಶಿಕ್ಷಣದ ವ್ಯವಸ್ಥೆ ಮಾಡಿದರು. ಗದಿಗೆಯ್ಯನವರು ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಅವರಂಥ ಶ್ರೇಷ್ಠರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತು ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆ ಬೆಳಕಾದರು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಗವಾಯಿಗಳು ಒಳ್ಳೆಯ ಗಾಯಕರಾದರೆ ಸಾಕೆಂದು ಪೂಜ್ಯರು ಬಿಡಲಿಲ್ಲ. ಅವರು ಶಿಕ್ಷಕರಾಗುವಂತೆ ದಾರಿ ತೋರಿದರು. ಗವಾಯಿಗಳು ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ನಡೆಯುವ ಸಂಗೀತ ಪಾಠಶಾಲೆಯನ್ನೇ ನಡೆಸಿದರು. ಆ ಶಾಲೆಯು ಗದಗಿನಲ್ಲಿ ನೆಲೆ ನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯರಾದ, ಅವರಂತೆಯೇ ಅಂಧರಾದ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ಲಿಂಗೈಕ್ಯರಾಗುವವರೆಗೆ ಆ ದೀಪವನ್ನು ಆರದಂತೆ ಕಾಪಾಡಿದರು. ಒಬ್ಬ ಗುರುವು ಶಿಷ್ಯನನ್ನು ಮಾತ್ರ ತಯಾರಿಸಿದರೆ ಅವನ ಕೆಲಸವು ಒಂದು ತಲೆಗೆ ಮುಗಿಯುತ್ತದೆ. ಗುರುವಾಗಬಲ್ಲ ಶಿಷ್ಯನನ್ನು ತಯಾರಿಸಿದರೆ ಅದಕ್ಕೆ ಮುಗಿವಿಲ್ಲ.

ಭಾಲ್ಕಿಯ ಶ್ರೀ ಚನ್ನಬಸವ ಪಟ್ಟದೇವರು ಇದಕ್ಕೆ ಇನ್ನೊಂದು ಸಾಕ್ಷಿ. ಶಿವಯೋಗಮಂದಿರದಲ್ಲಿ ಓದಿ ಹೋದ ಅವರು ನಿಜಾಮರ ಆಳಿಕೆಯಲ್ಲಿದ್ದ ಬೀದರ ಸೀಮೆಯಲ್ಲಿ, ಕನ್ನಡ ಕಲಿಸುವುದೇ ಕಷ್ಟವಾಗಿದ್ದ ದಿನಗಳಲ್ಲಿ, ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಪಾಠವನ್ನು ನಡೆಸಿದರು. ಮಲಪ್ರಭೆಯ ದಂಡೆಯಲ್ಲಿ ಬಿತ್ತಿದ ಬೀಜವು ಮಾಂಜ್ರಾ ನದಿಯ ಸೀಮೆಯಲ್ಲಿ ಕನ್ನಡದ ಬೆಳೆಯಾಗಿ ನಿಂತಿತು.

ನಮ್ಮ ಸೀಮೆಗೆ ಬಂದ ಫಲ

ದೂರದ ಭಾಲ್ಕಿಗೆ ಮುಟ್ಟಿದ ಫಲವು ಮಗ್ಗುಲ ಸೀಮೆಗೆ ಮುಟ್ಟದಿದ್ದೀತೆ? ಹಿಂದೆ ರೋಣ ತಾಲೂಕಿಗೆ ಸೇರಿದ್ದು ಈಗ ಗಜೇಂದ್ರಗಡದ ಕಡೆಗಿರುವ ನಿಡಗುಂದಿಕೊಪ್ಪದಲ್ಲಿ ಶಾಖಾ ಶಿವಯೋಗಮಂದಿರವಿದೆ. ಹಾಲಕೆರೆಯ ಅನ್ನದಾನೇಶ್ವರ ಮಠಕ್ಕೂ ಮಂದಿರಕ್ಕೂ ಬಹುಕಾಲದ ನಂಟು. ಆ ಮಠದ ಪೂಜ್ಯರು ಮಂದಿರದ ಅಧ್ಯಕ್ಷಸ್ಥಾನದ ಹೊಣೆಯನ್ನೂ ಹೊತ್ತಿದ್ದರು. ಹೆಸರಿನಲ್ಲಿಯೇ ಅನ್ನದಾನವನ್ನು ಹೊತ್ತ ಮಠವು ನರೇಗಲ್ಲು ಮೊದಲಾದ ಕಡೆಗಳಲ್ಲಿ ವಿದ್ಯಾದಾನಕ್ಕೂ ಮುಂದಾಯಿತು. ಶ್ರಾವಣಮಾಸದಲ್ಲಿ ಊರಗುಡಿಯಲ್ಲಿ ಪುರಾಣ ಹಚ್ಚಿದಾಗ, ಪ್ರವಚನಕಾರರು ವಚನವನ್ನು ಬಿಡಿಸಿ ಹೇಳಿದಾಗ, ಗವಾಯಿಗಳ ಶಿಷ್ಯರು ಹಾರ್ಮೋನಿಯಂ ಮುಂದಿಟ್ಟುಕೊಂಡು ಹಾಡಿದಾಗ, ನಾವು ಕೇಳುತ್ತಿರುವುದು ಬಹುಮಟ್ಟಿಗೆ ಆ ಹೊಳೆದಂಡೆಯ ಪಾಠಶಾಲೆಯ ಪ್ರತಿಧ್ವನಿಯನ್ನೇ.

ಉಳಿದ ಪ್ರಶ್ನೆ

ಮಂದಿರಕ್ಕೆ ಬಂದ ವಟುಗಳು ಆ ಕಾಲದ ರೂಢಿಯಂತೆ ಬಹುಮಟ್ಟಿಗೆ ಜಂಗಮ ಮನೆತನದವರೇ. ಶರಣರು ಜಾತಿಯನ್ನು ನೋಡದೆ ಅರಿವನ್ನೇ ಗುರುವೆಂದರಲ್ಲವೇ, ಹಾಗಾದರೆ ಈ ಮಿತಿಯೇಕೆ ಎಂದು ವಚನಗಳನ್ನು ಓದಿದವರು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ ಅದು. ಅದನ್ನು ಮರೆಮಾಚುವುದರಿಂದ ಪೂಜ್ಯರ ಹಿರಿಮೆಯು ಹೆಚ್ಚುವುದಿಲ್ಲ. ಆದರೆ ಅವರು ಇಟ್ಟ ಹೆಜ್ಜೆಯ ದಿಕ್ಕನ್ನು ನೋಡಬೇಕು. ಗುರುವಿನ ಮನೆಯಲ್ಲಿ ಹುಟ್ಟಿದ ಮಾತ್ರದಿಂದ ಯಾರೂ ಗುರುವಾಗಲಾರರು, ಹತ್ತಾರು ವರ್ಷ ಬೆವರು ಸುರಿಸಿ ಕಲಿಯಬೇಕು, ನಡತೆಯಲ್ಲಿ ಗಟ್ಟಿಗೊಳ್ಳಬೇಕು ಎಂಬುದನ್ನು ಅವರು ಸ್ಥಾಪಿಸಿದರು. ಹುಟ್ಟಿನಿಂದ ಬರುವುದೆಂದು ನಂಬಿದ್ದ ಅಧಿಕಾರವನ್ನು ಕಲಿತು ಗಳಿಸಬೇಕಾದ ಅಧಿಕಾರವನ್ನಾಗಿ ಮಾರ್ಪಡಿಸಿದರು. ಹುಟ್ಟೊಂದೇ ಸಾ‌ಲದೆಂದು ಒಮ್ಮೆ ಒಪ್ಪಿದ ಮೇಲೆ, ಹುಟ್ಟು ಬೇಕೇ ಬೇಕೆಂಬ ವಾದಕ್ಕೆ ಎಷ್ಟು ಕಾಲ ಬಲವಿದ್ದೀತು? ಅವರು ತೆರೆದ ಬಾಗಿಲನ್ನು ಪೂರ್ತಿಯಾಗಿ ತೆರೆಯುವ ಕೆಲಸವು ಅವರ ಹಿಂದಿನಿಂದ ಬಂದವರದು, ಎಂದರೆ ನಮ್ಮದು.

೧೯೩೦ನೆಯ ಇಸವಿ ಫೆಬ್ರುವರಿ ೧೯ರಂದು ಪೂಜ್ಯರು ಶಿವಯೋಗಮಂದಿರದಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆಯು ಅಲ್ಲಿಯೇ ಇದೆ. ಮಲಪ್ರಭೆಯು ಮಳೆಗಾಲದಲ್ಲಿ ತುಂಬಿ, ಬೇಸಿಗೆಯಲ್ಲಿ ಬತ್ತಿ, ಮತ್ತೆ ತುಂಬುತ್ತ ಅದರ ಮಗ್ಗುಲಲ್ಲಿ ಹರಿಯುತ್ತಿದೆ.

ಶರಣಬಂಧುಗಳೇ, ಈ ಪುಣ್ಯಚರಿತ್ರೆಯಿಂದ ಗೃಹಸ್ಥರಾದ ನಾವು ಗ್ರಹಿಸಬೇಕಾದುದೇನು? ನಮ್ಮೂರ ಮಠಕ್ಕೆ ಕಳಸವನ್ನೂ ಕಮಾನನ್ನೂ ಮಾಡಿಸುವುದಕ್ಕೆ ನಾವು ಹಿಂದೆಗೆಯುವುದಿಲ್ಲ. ಆ ಮಠದಲ್ಲಿ ಕುಳಿತುಕೊಳ್ಳುವ ಮರಿಯು ಏನನ್ನು ಓದಿದ್ದಾನೆ, ಎಲ್ಲಿ ಕಲಿತಿದ್ದಾನೆ, ಅವನ ಓದಿಗೆ ನಾವು ಏನು ಕೊಟ್ಟಿದ್ದೇವೆ ಎಂದು ಎಷ್ಟು ಜನ ಕೇಳುತ್ತೇವೆ? ಪಟ್ಟಕ್ಕೆ ಕೊಡುವ ಹಣದಲ್ಲಿ ಅರ್ಧವನ್ನು ಪಾಠಕ್ಕೆ ಕೊಟ್ಟರೆ ಪಟ್ಟವೂ ಬೆಳಗುತ್ತದೆ. ನಮ್ಮ ಮನೆಯಲ್ಲಿ ಶಿಕ್ಷಕರಾದ ಮಗನೋ ಮಗಳೋ ಸೊಸೆಯೋ ಇದ್ದರೆ ಅವರಿಗೂ ಈ ಚರಿತ್ರೆಯನ್ನು ಹೇಳಬೇಕು. ಪರೀಕ್ಷೆಯ ಬಾಗಿಲು ತೆರೆಯದಿದ್ದರೂ ಕಲಿಸುವುದನ್ನು ಬಿಡದವರು, ಕಲಿಸುತ್ತಿದ್ದರೂ ಕಲಿಯುವುದನ್ನು ಬಿಡದವರು, ಪೀಠವೇರಿದರೂ ಜೋಳಿಗೆಯನ್ನು ಬಿಡದವರು ಕುಮಾರ ಶಿವಯೋಗಿಗಳು. ಇವುಗಳಲ್ಲಿ ಒಂದನ್ನಾದರೂ ನಮ್ಮ ಬಾಳಿನಲ್ಲಿ ಹಿಡಿದು ನಡೆದರೆ, ಅದೇ ಅವರಿಗೆ ಸಲ್ಲುವ ಪಾದಪೂಜೆ.